“ಅಕ್ಕ ನೀನಿದ್ದೀಯಲ್ಲ, ತಮ್ಮನಿಗೆ ಟ್ರಸ್ಟ್ ಯಾಕೆ?”

ನನ್ನ ತಮ್ಮನಿಗೆ 38 ವರ್ಷ, ಆಟಿಸಂ ಇದೆ. ಮಲ್ಲೇಶ್ವರದ ಮನೆಯ ಮಹಡಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾನೆ. ಕೆಳಗಿನ ಮನೆ ಬಾಡಿಗೆಗೆ ಹೋಗಿದೆ. ಅಪ್ಪ ಅವನಿಗಾಗಿ ಟ್ರಸ್ಟ್ ಮಾಡಿದಾಗಿನಿಂದ ಮದುವೆ, ಮುಂಜಿಯಲ್ಲಿ ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ. “ನಿನ್ನ ಮೇಲೆ ನಂಬಿಕೆ ಇಲ್ವೇನಮ್ಮ?”

ನಂಬಿಕೆ ಇದೆ. ಆದರೆ ಮನೆ ನನ್ನ ಹೆಸರಿಗೆ ಬಂದು, ನಾಳೆ ನಾನೇ ಹೋಗಿಬಿಟ್ಟರೆ? ಅದು ನನ್ನ ಗಂಡ, ಮಕ್ಕಳಿಗೆ ಹೋಗುತ್ತದೆ. ತಮ್ಮನಿಗೆ ಕಾನೂನಿನಲ್ಲಿ ಚೂರೂ ಹಕ್ಕು ಉಳಿಯುವುದಿಲ್ಲ. ಹೋಗಲಿ, ಅವನ ಹೆಸರಿಗೇ ಬರೆದರೆ? ಕೊರಿಯರ್ ಹುಡುಗ ಪೆನ್ನು ಕೊಟ್ಟರೆ ಸಾಕು, ಖುಷಿಯಿಂದ ಪುಟದ ತುಂಬ ತನ್ನ ಹೆಸರು ಬರೆಯುತ್ತಾನೆ. ಅಂಥವನ ಕೈಗೆ ಕ್ರಯಪತ್ರ ಕೊಟ್ಟರೂ ಹಾಗೇ ಅಲ್ವಾ? ವಿಲ್ ಬರೆಯದೇ ಬಿಟ್ಟರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ನಾನು, ಅವನು ಸಮಪಾಲು. ಅವನ ಪಾಲಿನ ಚಿಂತೆ ಅಲ್ಲೂ ತಪ್ಪುವುದಿಲ್ಲ.

ಟ್ರಸ್ಟ್‌ನಲ್ಲಿ ಆಸ್ತಿ ನೋಡಿಕೊಳ್ಳುವವರು ಬೇರೆ, ಅನುಭವಿಸುವವನು ಬೇರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯಿಂದಲೂ ಇದು ಇದೆ. ನಮ್ಮದರಲ್ಲಿ ಮೂರು ಜನ ಟ್ರಸ್ಟಿಗಳು: ನಾನು, ಚಿಕ್ಕಪ್ಪನ ಮಗ, ಅಪ್ಪನ ಹಳೇ ಸ್ನೇಹಿತರೊಬ್ಬರು. ಬಾಡಿಗೆ, ಬಡ್ಡಿ ಎಲ್ಲ ತಮ್ಮನ ಖರ್ಚಿಗೇ ಹೋಗಬೇಕು. ಅವನಿರುವ ತನಕ ಮನೆ ಮಾರುವಂತಿಲ್ಲ. ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಹೇಗೆ ಸೇರಿಸಬೇಕು ಅನ್ನುವುದೂ ಪತ್ರದಲ್ಲಿದೆ.

ಖರ್ಚಿಗೆ ಹೆದರಬೇಡಿ. ಈಗಲೇ ಮನೆಯನ್ನು ಟ್ರಸ್ಟ್‌ಗೆ ಬರೆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಸ್ಟಾಂಪ್ ಡ್ಯೂಟಿಯೂ ಬೀಳಬಹುದು. ಅದಕ್ಕೇ ಅಪ್ಪ ಈಗ ಸ್ವಲ್ಪ ಹಣ ಮಾತ್ರ ಹಾಕಿದ್ದಾರೆ. ತಾವು ಹೋದ ಮೇಲೆ ಮನೆ ಟ್ರಸ್ಟ್‌ಗೆ ಸೇರಲಿ ಅಂತ ವಿಲ್ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ್ದಾರೆ. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿದೆವು.

ದುಡ್ಡು ಟ್ರಸ್ಟ್ ನೋಡಿಕೊಳ್ಳುತ್ತದೆ, ಸರಿ. ಅವನ ಪರವಾಗಿ ನಿರ್ಧಾರ ಮಾಡುವವರು ಯಾರು? ಆಟಿಸಂ ಇದ್ದವರಿಗೆ 18 ದಾಟಿದ ಮೇಲೂ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪೋಷಕರನ್ನು, ಅಂದರೆ ಗಾರ್ಡಿಯನ್ ಅನ್ನು, ನೇಮಿಸಿಕೊಳ್ಳಬಹುದು. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಇದನ್ನು ದಯವಿಟ್ಟು ಮರೆಯಬೇಡಿ.

ಇವೆಲ್ಲದರ ಜೊತೆ ಅಮ್ಮನ 200 ಪುಟದ ನೋಟ್‌ಬುಕ್ ಒಂದಿದೆ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. “ಕುಕ್ಕರ್ ಕೂಗುವ ಮುಂಚೆ ಅವನಿಗೆ ಹೇಳಿ. ಮೊಸರನ್ನಕ್ಕೆ ಸಾಸಿವೆ ಬೇಡ. ಸಂಪಿಗೆ ರಸ್ತೆಯಲ್ಲಿ ಎಡಗೈ ಹಿಡಿದುಕೊಳ್ಳಿ, ಬಲಗೈ ಹಿಡಿದರೆ ಕೊಸರುತ್ತಾನೆ.” ಬರೆದಷ್ಟನ್ನೂ ಜೆರಾಕ್ಸ್ ಮಾಡಿಸಿ ಮೂರೂ ಜನ ಟ್ರಸ್ಟಿಗಳ ಫೈಲಿನಲ್ಲಿ ಇಟ್ಟಿದ್ದೇವೆ. ಅಮ್ಮ ಇನ್ನೂ ಬರೆಯುತ್ತಲೇ ಇದ್ದಾರೆ.