ನಮ್ಮನೆ ಬಚ್ಚಲು ಮತ್ತು ನೂರು ಮೀಟರ್

ನಮ್ಮನೆ ಬಚ್ಚಲಿನ ಮಾಡು ಸೋರಲು ಶುರುವಾಗಿ ಇದು ಎರಡನೇ ಮಳೆಗಾಲ. ಹಿತ್ತಲಲ್ಲಿ ಬಚ್ಚಲು, ಅದರ ಪಕ್ಕ ಕಕ್ಕಸು, ಎರಡಕ್ಕೂ ಸೇರಿ ಒಂದೇ ಮಾಡು. ಮೂಲೆಯಲ್ಲಿ ನಾಲ್ಕು ಹೆಂಚು ಒಡೆದಿವೆ. ತೊಲೆಗೆ ಗೆದ್ದಲು ಹಿಡಿದಿದೆ. ಹಂಡೆ ಪಕ್ಕ ಒಂದು ಬಕೆಟ್ ಇಟ್ಟಿದ್ದೇವೆ. ಮಳೆ ಹನಿ ಬಿತ್ತು ಅಂದ್ರೆ ಅಮ್ಮ ಮೊದಲು ಹೋಗಿ ಬಕೆಟ್ ಸರಿ ಮಾಡಿ ಬರುತ್ತಾರೆ, ಆಮೇಲೆ ತಂತಿ ಮೇಲಿನ ಬಟ್ಟೆ ತೆಗೆಯುತ್ತಾರೆ.

ಬೇರೆ ಊರಲ್ಲಾಗಿದ್ದರೆ ಎರಡು ದಿನದ ಗಾರೆ ಕೆಲಸ. ಆದರೆ ನಮ್ಮದು ಶ್ರೀರಂಗಪಟ್ಟಣ. ಅದರಲ್ಲೂ ಕೋಟೆ ಒಳಗೆ, ರಂಗನಾಥನ ಗುಡಿಗೆ ಕೂಗಳತೆಯಲ್ಲಿ. ಪುರಾತನ ಸ್ಮಾರಕಗಳ ಕಾಯ್ದೆ ಅಂತ 1958ರದ್ದು ಒಂದಿದೆ. ಅದಕ್ಕೆ 2010ರಲ್ಲಿ ತಿದ್ದುಪಡಿ ಬಂತು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರ್ ತನಕ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂರು ಮೀಟರ್ ಅನುಮತಿ ತಗೊಂಡು ಕಟ್ಟಬೇಕು. ಹಳೇ ಮನೆ ರಿಪೇರಿ ಮಾಡಿಸಬಹುದು, ಅದಕ್ಕೂ ಕೇಳಬೇಕು. ಸರಿ. ಆದರೆ ನಮ್ಮೂರಲ್ಲಿ ಒಂದು ಸ್ಮಾರಕದ ನೂರು ಮುಗಿಯುವಷ್ಟರಲ್ಲಿ ಇನ್ನೊಂದರ ನೂರು ಶುರುವಾಗಿರುತ್ತದೆ. ಗುಡಿ, ಮಸೀದಿ, ಬುರುಜು, ಬಂದೀಖಾನೆ, ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆ. ಸಂದಿ ಸಂದಿಯಲ್ಲಿ ನಾವು.

ಅರ್ಜಿ ಕೊಟ್ಟೆ. ನಕ್ಷೆ ಸರಿ ಇಲ್ಲ ಅಂತ ಒಂದು ಕಚೇರಿಯಿಂದ ವಾಪಸ್ ಬಂತು. ನಕ್ಷೆ ಸರಿ ಮಾಡಿಸಿದೆ. ಫೋಟೋ ಬೇಕು ಅಂದರು. ಫೋಟೋ ಕೊಟ್ಟೆ. ಒಡೆದ ಹೆಂಚು ಸರಿಯಾಗಿ ಕಾಣುತ್ತಿಲ್ಲ, ಬೇರೆ ಕಡೆಯಿಂದ ತೆಗೆಸಿ ಅಂದರು. ಪಕ್ಕದ ಮನೆ ಮಹಡಿ ಹತ್ತಿ ತೆಗೆದೆ. ಅದರಲ್ಲಿ ಹೆಂಚಿನ ಜೊತೆ ಗುಡಿ ಗೋಪುರವೂ ಬಂದಿದೆ, ಚೆನ್ನಾಗಿದೆ ಫೋಟೋ.

ಅಮ್ಮನಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅರ್ಥವಾಗುವುದಿಲ್ಲ ಅನ್ನುವುದಕ್ಕಿಂತ ಒಪ್ಪಿಗೆ ಇಲ್ಲ. "ಅಲ್ಲ ಕಣೋ, ಸುಲ್ತಾನನ ಮನೇಲೂ ಬಚ್ಚಲು ಸೋರಿರಲ್ವಾ? ಅವನು ಯಾರನ್ನ ಕೇಳ್ತಿದ್ದ?" ಅಂತ ಕೇಳುತ್ತಾರೆ.

ನಾನು ಆ ಕಾಯ್ದೆಗೆ ವಿರೋಧಿಯಲ್ಲ. ಇದನ್ನು ಹೇಳಿದರೆ ನಮ್ಮ ಬೀದಿಯಲ್ಲಿ ಅರ್ಧ ಜನ ನನ್ನನ್ನು ಹುಚ್ಚ ಅಂತಾರೆ. ಆದರೆ ಯೋಚನೆ ಮಾಡಿ. ಆ ನೂರು ಮೀಟರ್ ಇಲ್ಲದೇ ಇದ್ದಿದ್ದರೆ ಗೋಪುರದ ಎದುರಿಗೇ ನಾಲ್ಕು ಅಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ನಾನೂ ಸುಮ್ನೆ ಕೂತಿರುತ್ತಿರಲಿಲ್ಲ. ಹೆಂಚು ಇಳಿಸಿ ಆರ್‌ಸಿಸಿ ಹಾಕಿ, ಮೇಲೆ ಎರಡು ರೂಮು ಎತ್ತಿ ಬಾಡಿಗೆಗೆ ಕೊಟ್ಟಿರುತ್ತಿದ್ದೆ. ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ನನ್ನ ತಕರಾರು ಬೇರೆ ಇದೆ.

ಕೆಲಸಕ್ಕೆ ನಾನು ದಿನಾ ರೈಲಲ್ಲಿ ಮೈಸೂರಿಗೆ ಹೋಗಿ ಬರುವವನು. ಬೆಂಗಳೂರು ಮೈಸೂರು ಜೋಡಿ ಹಳಿ ಹಾಕುವಾಗ ನಮ್ಮೂರಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದು ದಾರಿಗೆ ಅಡ್ಡ ಬಂತು. ಒಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನೇ ಅಡಿಪಾಯದ ಸಮೇತ ಜ್ಯಾಕ್ ಕೊಟ್ಟು ಎತ್ತಿ, ಸುಮಾರು ನೂರು ಮೀಟರ್ ಆಚೆಗೆ ಸರಿಸಿಟ್ಟರು. ನಾವೆಲ್ಲ ನೋಡಲು ಹೋಗಿದ್ದೆವು. ಇಟ್ಟಿಗೆ ಗಾರೆಯ ಅಷ್ಟು ದೊಡ್ಡ ಕಟ್ಟಡ ತೇರಿನ ಹಾಗೆ ನಡೆಯಿತು. ತೇರಾದರೂ ಅಲ್ಲಾಡುತ್ತದೆ, ಇದು ಅಲ್ಲಾಡಲಿಲ್ಲ. ಹೆಮ್ಮೆ ಆಗಿತ್ತು ನಿಜಕ್ಕೂ. ಮನಸ್ಸು ಮಾಡಿದರೆ ನಮ್ಮ ದೇಶದಲ್ಲಿ ಏನು ಬೇಕಾದರೂ ಆಗುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ. ಅದಕ್ಕೇ ನಾಲ್ಕು ಹೆಂಚಿನ ವಿಷಯಕ್ಕೆ ಹೊಟ್ಟೆ ಉರಿಯುವುದು.

ಡಿಸೆಂಬರ್ ಬಂತು ಅಂದರೆ ನಮ್ಮೂರಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲು ಸಾಲು ಬರುತ್ತವೆ. ಗುಡಿ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ. ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ ಕೆಆರ್‌ಎಸ್ ಕಡೆ ಓಡಬೇಕು. 1784ರ ದರಿಯಾ ದೌಲತ್ ಅರಮನೆಯ ಗೋಡೆ ಚಿತ್ರಗಳನ್ನು ಮಕ್ಕಳು ನಡೆಯುತ್ತಲೇ ನೋಡಿ ಮುಗಿಸುತ್ತಾರೆ. ಬೀದಿಯಲ್ಲಿ ನಿಂತ ನಮ್ಮನ್ನು ಬಂದವರು ಎರಡೇ ಪ್ರಶ್ನೆ ಕೇಳುವುದು. ಮೊದಲನೆಯದು, ಟಿಪ್ಪು ಸತ್ತ ಜಾಗ ಎಲ್ಲಿ. ಎರಡನೆಯದು, ಟಾಯ್ಲೆಟ್ ಎಲ್ಲಿ.

ಎರಡು ವರ್ಷದ ಹಿಂದೆ ಒಂದು ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಬಾಗಿಲಲ್ಲಿ ಒಬ್ಬರು ಮೇಡಂ, ಹಿಂದೆ ಏಳೆಂಟು ಹುಡುಗಿಯರು. ಏಳನೇ ಕ್ಲಾಸೋ ಎಂಟೋ ಇರಬೇಕು. ಉತ್ತರ ಕರ್ನಾಟಕದ ಕಡೆಯವರು, ಹಿಂದಿನ ರಾತ್ರಿಯೇ ಬಸ್ಸು ಹತ್ತಿದ್ದಾರೆ. ಮೇಡಂ ನನ್ನನ್ನು ನೋಡಿ ಏನೂ ಹೇಳಲಿಲ್ಲ, ಅಮ್ಮನ ಮುಖ ನೋಡಿದರು. ಅಮ್ಮನಿಗೆ ಅರ್ಥವಾಯಿತು. "ಬನ್ನಿ ಬನ್ರಮ್ಮ, ಹಿಂದುಗಡೆ ಇದೆ" ಅಂದರು. ನನ್ನನ್ನು ಹೊರಗೆ ಜಗಲಿಗೆ ಕಳಿಸಿದರು.

ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ. ಅಮ್ಮ ತೊಟ್ಟಿಯಿಂದ ನೀರು ಮೊಗೆದು ಮೊಗೆದು ಕೊಡುತ್ತಿದ್ದರು. ಒಬ್ಬಳು ಹುಡುಗಿ ತುಂಬ ಹೊತ್ತು ಬರಲಿಲ್ಲ. ಅಮ್ಮ ಒಳಗೆ ಬಂದು ಬೀರು ತೆಗೆದು, ಹಳೇ ಕಾಟನ್ ಸೀರೆಯೊಂದನ್ನು ಹರಿದು ತಗೊಂಡು ಹೋದರು. ಆಮೇಲೆ ಎಲ್ಲರೂ ಒಟ್ಟಿಗೆ ಹೊರಗೆ ಬಂದರು, ಕಿಸಿಕಿಸಿ ನಗುತ್ತಾ. ಆ ಒಬ್ಬಳು ಮಾತ್ರ ತಲೆ ಬಗ್ಗಿಸಿಕೊಂಡು ಹೋಗಿ, ಬೀದಿ ತಿರುವಿನಲ್ಲಿ ಒಂದು ಸಲ ಹಿಂದೆ ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಹೋಗು ಹೋಗು ಅಂತ ಕೈ ಬೀಸಿದರು.

ಆವತ್ತಿಂದ ನಮ್ಮೂರ ಅಭಿವೃದ್ಧಿ ಬಗ್ಗೆ ಯಾರು ಏನೇ ಮಾತಾಡಿದರೂ ನನಗೆ ಆ ಹುಡುಗಿ ನೆನಪಾಗುತ್ತಾಳೆ. ಧ್ವನಿ ಬೆಳಕು, ಸೆಲ್ಫಿ ಜಾಗ, ಕಮಾನು, ಎಲ್ಲ ಮಾಡಿ. ಮೊದಲು ಚಿಲಕ ಬೀಳುವ ಬಾಗಿಲು, ಒಂದು ನಲ್ಲಿ, ಒಂದು ಕಸದ ಡಬ್ಬ ಇರುವ ಶೌಚಾಲಯ ಮಾಡಿ. 2014ರಲ್ಲಿ ನಮ್ಮ ದ್ವೀಪದ ಸ್ಮಾರಕಗಳು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆಗ ಟೀ ಅಂಗಡಿಯಲ್ಲಿ ಒಂದು ವಾರ ಅದೇ ಮಾತು. ಸೈಟ್ ರೇಟು ಏರುತ್ತೋ ಇಳಿಯುತ್ತೋ ಅಂತ.

ಹೆದ್ದಾರಿ ವಿಷಯ ಹೆಚ್ಚು ಹೇಳುವುದಿಲ್ಲ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಊರ ಹೊರಗೇ ಹೋಗುತ್ತವೆ. ಹಳೇ ರಸ್ತೆಯ ವ್ಯಾಪಾರಿಗಳಿಗೆ ಕಷ್ಟ. ಅಮ್ಮನಿಗೆ ರಸ್ತೆ ದಾಟುವುದು ಸುಲಭ. ಎರಡೂ ನಿಜ.

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ, ಯಾಕೆಂದರೆ ಅದು ಜಾಸ್ತಿ ಇದೆ. ಕೋಟೆಯ ಸುತ್ತ ಕಂದಕ ಇದೆ. ಇಂಗ್ಲಿಷರ ಸೈನ್ಯ 1799ರ ಮೇ 4ರಂದು ಹೊಳೆ ದಾಟಿ, ಕಂದಕ ದಾಟಿ ಒಳಗೆ ನುಗ್ಗಿತು ಅಂತ ಪಾಠದಲ್ಲಿ ಓದಿದ್ದೇವೆ. ಚಿಕ್ಕವನಿದ್ದಾಗ ನಾನು ದಿನಾ ಬೆಳಿಗ್ಗೆ ಮನೆ ಕಸ ತಗೊಂಡು ಹೋಗಿ ಸುರಿಯುತ್ತಿದ್ದದ್ದೂ ಅದೇ ಕಂದಕಕ್ಕೆ. ಕೋಟೆ ಗೋಡೆ ಮೇಲೆ ನಿಂತು, ತಗಡಿನ ಡಬ್ಬ ಬೋರಲು ಹಾಕಿ, ಹಿಂಭಾಗಕ್ಕೆ ಎರಡು ಸಲ ಬಡಿದು, ಶಾಲೆಗೆ ಓಡುವುದು. ತಪ್ಪು ಅಂತ ಯಾರೂ ಹೇಳಿಕೊಡಲಿಲ್ಲ. ಕೋಟೆ ಸರ್ಕಾರದ್ದು, ಕಂದಕವೂ ಸರ್ಕಾರದ್ದು. ಈಗ ಕಸದ ಆಟೋ ಹಾಡು ಹಾಕಿಕೊಂಡು ಮನೆ ಮುಂದೆಯೇ ಬರುತ್ತದೆ. ಆದರೂ ಕೋಳಿ ಅಂಗಡಿ ಪುಕ್ಕ, ಮದುವೆ ಊಟದ ಎಲೆ, ಒಡೆದ ಗೋಡೆಯ ಕಲ್ಲುಮಣ್ಣು ರಾತ್ರಿ ಹೊತ್ತು ಅಲ್ಲಿಗೇ ಹೋಗುತ್ತವೆ. ಹಾಕುವವರು ಹೊರಗಿನವರಲ್ಲ. ನಮ್ಮ ಜೊತೆ ರಥಸಪ್ತಮಿಯಲ್ಲಿ ತೇರು ಎಳೆಯುವವರೇ.

ಊರು ನೋಡಲು ಬರುವವರದ್ದು ಅಂತ ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ ಅನಿಸುತ್ತದೆ. ಬೇಲಿ ಒಳಗಿನದ್ದಕ್ಕೆ ಇಲಾಖೆ ಇದೆ. ಬೇಲಿ ಹೊರಗಿನದ್ದಕ್ಕೆ ನಾವು ಇದ್ದೇವೆ ಅಂತ ನಮಗೇ ನೆನಪಿಲ್ಲ. ವಾರ್ಡ್ ಸಭೆ ಕರೆದರೆ ಎಷ್ಟು ಜನ ಬರುತ್ತಾರೆ? ಹೋದ ಸಲ ನಾನು ಹೋಗಿದ್ದೆ. ಹನ್ನೊಂದು ಜನ. ಅದರಲ್ಲಿ ಇಬ್ಬರು ಟೀ ಕೊಡಲು ಬಂದವರು.

ಪಶ್ಚಿಮವಾಹಿನಿ ಬಗ್ಗೆ ಬರೆಯದೆ ಮುಗಿಸಲಾರೆ. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ, ಅದಕ್ಕೇ ಪುಣ್ಯ ಜಾಗ. ಗಾಂಧೀಜಿಯ ಚಿತಾಭಸ್ಮವನ್ನೂ 1948ರಲ್ಲಿ ಅಲ್ಲಿ ಬಿಟ್ಟಿದ್ದರು. ದಿನಾ ಎಲ್ಲೆಲ್ಲಿಂದಲೋ ಜನ ಬೂದಿ ಬಿಡಲು ಬರುತ್ತಾರೆ. ಬೂದಿ ಬಿಟ್ಟು, ಮುಳುಗಿ ಎದ್ದು, ಉಟ್ಟ ಬಟ್ಟೆಯನ್ನೂ ಹೊಳೆಗೆ ಬಿಟ್ಟು ಹೋಗುತ್ತಾರೆ. ಹಿಂತಿರುಗಿ ನೋಡಬಾರದು ಅಂತ ಹೇಳಿಕೊಟ್ಟಿರುತ್ತಾರೆ.

ನಾವು ಐದಾರು ಜನ ಗೆಳೆಯರು ಬೇಸಿಗೆಯಲ್ಲಿ ನೀರು ಇಳಿದಾಗ ಭಾನುವಾರ ಬೆಳಿಗ್ಗೆ ಹೋಗಿ ಬಟ್ಟೆ ಎಳೆದು ಹಾಕುತ್ತೇವೆ. ದೊಡ್ಡ ಸೇವೆ ಏನಲ್ಲ, ವರ್ಷಕ್ಕೆ ನಾಲ್ಕೈದು ಸಲ. ಸೀರೆ ಎಳೆಯುವುದು ಸುಲಭ ಅಂದುಕೊಂಡಿರುತ್ತೀರಿ. ನೀರಲ್ಲಿ ಎರಡು ತಿಂಗಳು ಬಿದ್ದ ಸೀರೆ ಮೊದಲು ಕಲ್ಲಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು ಪಂಚೆ ಸುತ್ತಿಕೊಳ್ಳುತ್ತದೆ. ಒಳಗೆಲ್ಲ ಮರಳು ತುಂಬಿ ಒನಕೆ ಹಾಗೆ ಬಿಗಿಯಾಗುತ್ತದೆ. ಒಬ್ಬರು ಎಳೆದರೆ ಬರುವುದಿಲ್ಲ, ಮೂವರು ಎಳೆದರೆ ಹರಿಯುತ್ತದೆ. ಕುಡುಗೋಲಲ್ಲಿ ಕೊಯ್ದು ಕೊಯ್ದು ತೆಗೆಯಬೇಕು. ಮಡಿಕೆ ಬಿಚ್ಚಿದರೆ ನಡುವೆ ಜರಿ ಅಂಚು ಇನ್ನೂ ಹೊಳೆಯುತ್ತಿರುತ್ತದೆ.

ಅಪ್ಪ ಹೋಗಿ ಮೂರು ವರ್ಷ ಆಯಿತು. ಕಾರ್ಯದ ದಿನ ನಾನೂ ಅಲ್ಲೇ ಮುಳುಗಿ ಎದ್ದೆ. ಯಾರೋ ಹಿಂದಿನಿಂದ "ಪಂಚೆ ಬಿಟ್ಬಿಡಪ್ಪ, ಹಿಂದೆ ನೋಡ್ಬೇಡ" ಅಂದರು. ಬಿಟ್ಟೆ. ನೋಡಲಿಲ್ಲ. ನಾನೇ ಎಳೆದು ತೆಗೆಯುವ ಜಾಗ ಅದು, ಗೊತ್ತಿದ್ದೂ ಬಿಟ್ಟೆ. ಆ ಹೊತ್ತಲ್ಲಿ ವಾದ ಮಾಡುವ ಮನಸ್ಸಿರುವುದಿಲ್ಲ. ಬಂದವರನ್ನು ಬೈಯಲು ಬಾಯಿ ಬರದಿರುವುದು ಅದಕ್ಕೇ. ಈಗಲೂ ರೈಲು ಹೊಳೆ ದಾಟುವಾಗ ಕಣ್ಣು ತಾನಾಗೇ ಆ ಕಡೆ ಹೋಗುತ್ತದೆ.

ಹೋದ ವಾರ ಬಚ್ಚಲಿನ ಮಾಡಿಗೆ ಸದ್ಯಕ್ಕೆ ಅಂತ ನೀಲಿ ಟಾರ್ಪಾಲು ಹೊದಿಸಿದೆ. ನಾಲ್ಕು ಮೂಲೆಗೂ ಕಲ್ಲು. ಅಮ್ಮ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದರು. ಹೊಳೆ ಬಟ್ಟೆ ವಿಷಯ ಹೇಗೋ ಮಾತಿಗೆ ಬಂತು. ಅಪ್ಪನ ಕಾರ್ಯದ ಪಂಚೆ ಬಿಟ್ಟು ಬಂದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ ಕಾರ್ಯಕ್ಕೆ ಉಟ್ಟಿದ್ ಪಂಚೆ ಹಿಂಡ್ಕೊಂಡು ಮನೆಗೇ ತಗೊಂಡ್ ಬಾ. ಒಗೆದು ಈ ತಂತಿ ಮೇಲೇ ಒಣಗ್ಹಾಕು. ಯಾರಾದ್ರೂ ಕೇಳಿದ್ರೆ ಅಮ್ಮ ಹೇಳಿದ್ಲು ಅನ್ನು" ಅಂದರು.

"ಈಗ ಇಳಿ, ಜಾರುತ್ತೆ."