ಯಾರಿಗಂತ ಬಿತ್ತಾಕ ಹತ್ಯಾನ ಇವ?

ಅಪ್ಪ ಈ ಮಾತು ಕೇಳಿದ್ದು ಕಳೆದ ಭಾನುವಾರ. ವಾರವಿಡೀ ಅದೇ ನನ್ನ ತಲೆಯಲ್ಲಿ ಓಡುತ್ತಿದೆ.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನ ಕೂನ್ ವ್ಯಾಲಿ ಹತ್ತಿರ. ಅಪ್ಪ ರಾಣೆಬೆನ್ನೂರು ಕಡೆಯ ರೈತ, ಬೇಸಿಗೆಗೆ ಬಂದಿದ್ದಾರೆ. ಬೇಲಿಯಾಚೆ ಪಕ್ಕದ ಜಮೀನಿನ ಮುದುಕರು ಎದೆಗೆ ಚೀಲ ಕಟ್ಟಿಕೊಂಡು, ಅದರ ಹಿಡಿಕೆ ತಿರುಗಿಸುತ್ತಾ, ಸೊಂಟದೆತ್ತರ ನಿಂತ ಬಕ್‌ವೀಟ್ ಬೆಳೆಯ ನಡುವೆಯೇ ಬೀಜ ಚೆಲ್ಲುತ್ತಿದ್ದರು. ರೈ ಮತ್ತು ಕ್ಲೋವರ್. ರೈ ಅಂದರೆ ಗೋಧಿಯಂಥ ಒಂದು ಕಾಳು, ಕ್ಲೋವರ್ ಅಂದರೆ ಮೇವಿನ ಗಿಡ. ನೇಗಿಲಿಲ್ಲ, ಕುಂಟೆಯಿಲ್ಲ, ಕೂರಿಗೆಯಂತೂ ಇಲ್ಲವೇ ಇಲ್ಲ. ಚೆಲ್ಲಿ ಮುಗಿಸಿ ಸಣ್ಣ ಗಾಡಿಗೆ ರೋಲರ್ ಕಟ್ಟಿ ಬೆಳೆಯ ಮೇಲೆಯೇ ಎಳೆದರು. ಹೂವು ಬಿಟ್ಟಿದ್ದ ಗಿಡಗಳೆಲ್ಲ ಮಲಗಿದವು.

"ಉಳಲಾರದ ಬಿತ್ತಿದ್ರ ಬೀಜ ಮ್ಯಾಲೇ ಉಳೀತಾವಲ್ಲೋ ತಮ್ಮಾ, ಹಕ್ಕಿ ಆರಿಸಿ ತಿಂತಾವ" ಅಂದರು ಅಪ್ಪ. ಆಮೇಲೆ ಕೇಳಿದ್ದೇ ಆ ಪ್ರಶ್ನೆ.

ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಮುದುಕರು ಕಾಡಿನ ಅಂಚಿಗೆ ಕೈ ತೋರಿಸಿ, "ಜಿಂಕೆಗೆ" ಅಂದರು.

"ಜಿಂಕಿಗಾ?"

ಅಪ್ಪನ ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಕಡೆ ಕೃಷ್ಣಮೃಗಗಳ ಹಿಂಡು ಹೊಲಕ್ಕೆ ಇಳಿದರೆ ಮೊಳಕೆ ಉಳಿಯುವುದಿಲ್ಲ. ಅಪ್ಪನ ಅರ್ಧ ಆಯುಷ್ಯ ಅವನ್ನು ಓಡಿಸುವುದರಲ್ಲೇ ಹೋಗಿದೆ. ಅಂಥವರ ಮುಂದೆ ಒಬ್ಬ ಮನುಷ್ಯ ದುಡ್ಡು ಕೊಟ್ಟು ಬೀಜ ತಂದು ಜಿಂಕೆಗೆ ಅಂತ ಬಿತ್ತಿದರೆ ಹೇಗಾಗಬೇಡ!

ಶುಕ್ರವಾರ ಸಂಜೆ ಅಪ್ಪನೇ ನನ್ನನ್ನು ಬೇಲಿಯ ಹತ್ತಿರ ಎಳೆದುಕೊಂಡು ಹೋದರು. ನಡುವೆ ಒಳ್ಳೆ ಮಳೆ ಬಿದ್ದಿತ್ತು. ಮುದುಕರು ಒಳಗೆ ಕರೆದರು. ಅಪ್ಪ ಕುಕ್ಕುರುಗಾಲಲ್ಲಿ ಕೂತು, ಮಲಗಿದ ದಂಟುಗಳನ್ನು ಬೆರಳಿಂದ ಸರಿಸಿದರು. ಕೆಳಗೆ ತೇವ ಹಾಗೇ ಇತ್ತು. ರೈ ಕಾಳಿನಿಂದ ಬಿಳೀ ಬೇರು ಮಣ್ಣಿಗೆ ಇಳಿದಿತ್ತು, ಕೆಂಪು ಬಣ್ಣದ ಮೊಳಕೆ ದಂಟಿನ ಸಂದಿಯಿಂದ ತಲೆ ಎತ್ತಿತ್ತು. ಅಪ್ಪ ಒಂದನ್ನು ಎಳೆದು ನೋಡಿದರು, ಸುಲಭಕ್ಕೆ ಬರಲಿಲ್ಲ. "ಹಿಡದೈತಿ" ಅಂದರು. ಅಪ್ಪನ ಬಾಯಲ್ಲಿ ಅಷ್ಟು ಬಂದರೆ ಅದು ದೊಡ್ಡ ಹೊಗಳಿಕೆ.

ಉಳದೆ ಬಿತ್ತುವುದು ಇಲ್ಲಿ ಯಾಕೆ ಬೇಕು ಅನ್ನುವುದು ಈ ನೆಲ ನೋಡಿದರೇ ತಿಳಿಯುತ್ತದೆ. ಹಿಟ್ಟಿನಂಥ ನುಣುಪು ಮಣ್ಣು, ಮೇಲಾಗಿ ಇಳಿಜಾರು. ಹಿಂದೆ ಇಲ್ಲಿಯವರು ಗುಡ್ಡವನ್ನೇ ಉತ್ತು, ಮಳೆ ಬಂದಾಗಲೆಲ್ಲ ಮಣ್ಣು ಕಳೆದುಕೊಂಡರು. ಕೊರಕಲು ಬಿದ್ದು ಹೊಲಗಳೇ ಸೀಳಿಹೋದವು. 1933ರಲ್ಲಿ ಅಮೆರಿಕ ಸರ್ಕಾರ ದೇಶದಲ್ಲೇ ಮೊದಲ ಸಲ ಇಡೀ ಹಳ್ಳದ ಜಲಾನಯನ ಹಿಡಿದು ಮಣ್ಣು ಉಳಿಸುವ ಕೆಲಸಕ್ಕೆ ಇಳಿದದ್ದು ಇದೇ ಕೂನ್ ವ್ಯಾಲಿಯಲ್ಲಿ. ಹೆಸರಾಂತ ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ಕೂಡ ಆ ಕೆಲಸದಲ್ಲಿದ್ದರು. ನೆಲ ಉತ್ತರೆ ಇನ್ನೊಂದು ತೊಂದರೆ: ಆಳದಲ್ಲಿ ಮಲಗಿದ್ದ ಕಳೆ ಬೀಜಕ್ಕೆ ಬೆಳಕು ಸಿಕ್ಕಿ ಅದೂ ಎದ್ದು ಬರುತ್ತದೆ. ಉಳದೆ ಬಿತ್ತುವವರಲ್ಲಿ ತುಂಬಾ ಜನ ಮೊದಲು ಕಳೆನಾಶಕ ಹೊಡೆಯುತ್ತಾರೆ. ಈ ಮುದುಕರು ಹೊಡೆಯುವುದಿಲ್ಲ, ಬಕ್‌ವೀಟ್‌ನ ನೆರಳೇ ಕಳೆಯನ್ನು ಅದುಮಿಡುತ್ತದೆ. ಹಾಗಂತ ಅಪ್ಪನ ಮಾಗಿ ಉಳುಮೆ ತಪ್ಪು ಅಂತ ನಾನು ಹೇಳಲಾರೆ. ನಮ್ಮ ಸಮತಟ್ಟು ಎರೆ ಹೊಲದ ಗುಣವೇ ಬೇರೆ.

ಇನ್ನೊಂದು ಮಾತು ಅಪ್ಪನಿಗೆ ಹೇಳುವುದೋ ಬೇಡವೋ ಅಂತಿದ್ದೆ, ಹೇಳಿದೆ. ನವೆಂಬರಿನಲ್ಲಿ ಬಂದೂಕಿನ ಬೇಟೆ ಶುರುವಾದರೆ ಈ ಮುದುಕರು ಇದೇ ಜಿಂಕೆಗಳಲ್ಲಿ ಒಂದನ್ನು ಹೊಡೆಯುತ್ತಾರೆ. ವರ್ಷವಿಡೀ ಮನೆಯಲ್ಲಿ ಅದೇ ಮಾಂಸ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಈ ಕೊಲ್ಲುವ ವಿಷಯ ಇನ್ನೂ ಒಗ್ಗಿಲ್ಲ. ಆದರೂ ಈ ಮನುಷ್ಯ ನನಗೆ ಇಷ್ಟ. ಬರೀ ದೊಡ್ಡ ಕೊಂಬಿನ ಜೊತೆ ಫೋಟೋ ತೆಗೆಸಿಕೊಳ್ಳಲು ಬಿತ್ತುವವರೂ ಇದ್ದಾರೆ, ಅವರನ್ನು ಕಂಡರೆ ನನಗಾಗುವುದಿಲ್ಲ. ಇವರು ಹಾಗಲ್ಲ. ಹಿಮದಲ್ಲಿ ರೈ ಹಸಿರಾಗಿರುತ್ತದೆ, ಮರಿ ಹಾಕುವ ಹೊತ್ತಿಗೆ ಕ್ಲೋವರ್ ಎದ್ದಿರುತ್ತದೆ ಅಂತ ಲೆಕ್ಕ ಹಾಕಿ ಬೀಜ ಆರಿಸಿದ್ದಾರೆ.

ರಾತ್ರಿ ಅಪ್ಪ ಊರಿಗೆ ಫೋನ್ ಹಚ್ಚಿ ಅಣ್ಣನಿಗೆ ಎಲ್ಲ ಹೇಳಿದರು. ಅಣ್ಣ ಆಗಷ್ಟೇ ಹೊಲದ ಕಾವಲು ಮುಗಿಸಿ ಬಂದಿದ್ದ. ಗೋವಿನಜೋಳದ ಒಂದು ಮಗ್ಗುಲನ್ನು ಈ ಸಲವೂ ಕೃಷ್ಣಮೃಗಗಳು ಮೇಯ್ದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅವನ್ನು ಮುಟ್ಟುವಂತಿಲ್ಲ, ಮುಟ್ಟುವ ಮನಸ್ಸೂ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹೋದ ವರ್ಷ ಕೊಟ್ಟ ಪರಿಹಾರದ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ.

"ಆ ಮುದುಕಗ ಹೊಟ್ಟಿಗೆ ಬ್ಯಾರೆ ಹೊಲ ಐತಿ ಬಿಡು" ಅಂದರು ಅಪ್ಪ. ಆಮೇಲೆ ತಾವೇ, "ಹಳ್ಳದ ದಂಡಿಗೆ ನಮ್ಮದೂ ಒಂದು ತುಂಡು ಪಡಾ ಬಿದ್ದೈತಲ್ಲ, ಅಲ್ಲಿ ಹುರಳಿ ಚೆಲ್ಲಿದ್ರ ಜ್ವಾಳದ ಕಡೆ ಬರೂದು ಕಡಿಮಿ ಆಗ್ತೈತೇನೋ" ಅಂದರು.

ಅಣ್ಣ ಪಟ್ಟನೆ ಅಂದ: "ಇನ್ನೂ ನಾಕು ಹಿಂಡು ಹುಡಿಕ್ಯೊಂಡು ಬಂದ್ರ ಏನ್ ಮಾಡೂದು?"

ಅದಕ್ಕೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ. ಇಬ್ಬರೂ ಹುರಳಿ ಬೀಜದ ರೇಟು ಮಾತಾಡಿ ಫೋನ್ ಇಟ್ಟರು.