ಜೀನ್ಸ್ ಜೇಬಿನೊಳಗಿನ ಇಂಗ್ಲಿಷ್

ಹತ್ತನೇ ತರಗತಿಯ ಆ ಹುಡುಗಿ ಎದ್ದು ನಿಂತು ನಲವತ್ತು ಇಂಗ್ಲಿಷ್ ಪದಗಳನ್ನು ಅರ್ಥಸಮೇತ ಒಂದೇ ಉಸಿರಿಗೆ ಒಪ್ಪಿಸಿದಳು. ಶನಿವಾರದ ಬೆಳಗಿನ ಶಾಲೆ. ಬಳ್ಳಾರಿಯ ಬಿಸಿಲು ಒಂಬತ್ತಕ್ಕೇ ಮೂರನೇ ಬೆಂಚಿನ ತನಕ ಬಂದಿತ್ತು. ಅವಳ ನೋಟ್‌ಬುಕ್ಕಿನಲ್ಲಿ ಒಂದೊಂದು ಪದ ಹತ್ತತ್ತು ಸಲ, ಎಲ್ಲ ಸೇರಿ ನಾನೂರು ಸಲ, ದುಂಡಗೆ ಬರೆದಿತ್ತು. ಹಾಗೆ ಬರೆಯಿರಿ ಅಂತ ಹೇಳಿದವನು ನಾನೇ. ಹನ್ನೆರಡು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದೆ. ಖುಷಿಯಲ್ಲಿ ಪಟ್ಟಿಯ ನಡುವಿನಿಂದ ಒಂದು ಪದ ಎತ್ತಿ ಕೇಳಿದೆ: "‘ರಿಲಕ್ಟಂಟ್’ ಅಂದ್ರೆ ಏನಮ್ಮ?"

ಉತ್ತರ ಬರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಕೈ ಕಡೆ ನೋಡಿದೆ. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಮೊದಲನೇ ಪದದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಎಣಿಸುತ್ತ, ಇಪ್ಪತ್ತಮೂರಕ್ಕೆ ಬಂದು ಮುಟ್ಟಿದ ಮೇಲೆ "ಮನಸ್ಸಿಲ್ಲದ, ಸರ್" ಅಂದಳು. ಅವಳು ಕಲಿತಿದ್ದು ಪಟ್ಟಿಯನ್ನು. ಪಟ್ಟಿ ಕಿತ್ತುಕೊಂಡರೆ ಪದಕ್ಕೆ ನಿಲ್ಲಲು ಜಾಗವೇ ಇರಲಿಲ್ಲ.

ಸೋಮವಾರ ಅದೇ ನಲವತ್ತು ಪದಗಳನ್ನು ಹಿಂದುಮುಂದು ಮಾಡಿ ಕೊಟ್ಟೆ. ಹನ್ನೊಂದು ಬರೆದಳು. ತರಗತಿಯಲ್ಲಿ ಅವಳಷ್ಟು ಕಷ್ಟಪಡುವವರು ಇನ್ನೊಬ್ಬರಿಲ್ಲ. ಪೇಪರ್ ಕೊಡುವಾಗ ತಲೆ ತಗ್ಗಿಸಿ "ನಾನು ದಡ್ಡಿ ಸರ್" ಅಂದಳು. ಆ ಮಾತು ನನ್ನನ್ನು ರಾತ್ರಿಯಿಡೀ ಕಾಡಿತು. ಮಂಗಳವಾರ ಅವಳು ಶಾಲೆಗೇ ಬರಲಿಲ್ಲ.

ಸಂಜೆ ಮನೆ ಹುಡುಕಿಕೊಂಡು ಹೋದೆ. ಕೌಲ್ ಬಜಾರಿನ ಹಿಂದಿನ ಓಣಿ. ಬಳ್ಳಾರಿಯ ಜೀನ್ಸ್ ಅಂದರೆ ದೊಡ್ಡ ಫ್ಯಾಕ್ಟರಿ ಅಂದುಕೊಳ್ಳುವವರು ಇಂಥ ಓಣಿಯಲ್ಲಿ ಒಮ್ಮೆ ನಡೆಯಬೇಕು. ಒಂದೊಂದು ಬಾಗಿಲಿನಿಂದಲೂ ಹೊಲಿಗೆ ಮಿಷಿನ್ ಸದ್ದು, ಹೊಸ್ತಿಲ ಮೇಲೆ ಕಟ್ಟಿಟ್ಟ ನೀಲಿ ಬಂಡಲ್ಲುಗಳು. ಅವ್ವ ಪ್ಯಾಂಟಿಗೆ ಜೇಬು ಹಚ್ಚುತ್ತಿದ್ದರು. ವಾಶಿಂಗ್ ಯೂನಿಟ್ಟಿನಿಂದ ಆಗಷ್ಟೇ ಬಂದ ಅಪ್ಪ ಚಹಾದ ಲೋಟ ನನ್ನ ಕೈಗೆ ಕೊಡುವಾಗ ಅವರ ಉಗುರಿನ ಸಂದಿ, ಅಂಗೈಯ ಗೆರೆ ಎಲ್ಲ ನೀಲಿಯಾಗಿದ್ದು ಕಾಣಿಸಿತು. ಹುಡುಗಿ ಪ್ಯಾಂಟುಗಳ ರಾಶಿಯ ನಡುವೆ ಕೂತು ಉಳಿದ ದಾರ ಕತ್ತರಿಸುತ್ತಿದ್ದಳು. ಎದ್ದು ನಿಲ್ಲಲು ಹೋದಳು. ಬೇಡ ಅಂತ ನಾನೂ ಅಲ್ಲೇ ಕೂತೆ.

"ಅರ್ಜಂಟ್ ಆರ್ಡರ್ ಐತೆ ಸರ್, ನಾಳೆ ಡೆಲಿವರಿ. ಅದಕ್ಕೇ ಬರಲಿಲ್ಲ."

ಅರ್ಧ ಗಂಟೆ ಕೂತಿದ್ದೆ. ಆ ಹೊತ್ತಿನಲ್ಲಿ ತಾಯಿ ಮಗಳ ನಡುವೆ ಓಡಾಡಿದ ಮಾತುಗಳನ್ನು ಜೇಬಿನಲ್ಲಿದ್ದ ಬಸ್ ಟಿಕೆಟ್ ಹಿಂದೆ ಗುರುತು ಹಾಕಿಕೊಂಡೆ. ಲೂಪ್, ಜಿಪ್, ಬಾಟಮ್, ಕಟಿಂಗ್, ಓವರ್‌ಲಾಕ್, ಲೇಬಲ್, ರಿವಿಟ್, ಡ್ಯಾಮೇಜ್, ಲೂಸ್, ಟೈಟ್, ಫೇಡ್, ರಿಜೆಕ್ಟ್. ಟಿಕೆಟ್ ತುಂಬಿತು. ಅದನ್ನು ಅವಳಿಗೆ ಓದಿ ಹೇಳಿ, "ನೋಡು, ನಿನಗೆ ಎಷ್ಟು ಇಂಗ್ಲಿಷ್ ಬರುತ್ತೆ" ಅಂದೆ. ಅವಳು ಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಇವು ಇಂಗ್ಲಿಷಾ ಸರ್? ಇವು ನಮ್ಮ ಕೆಲಸದ ಮಾತು."

ಈ ಪದಗಳನ್ನು ಅವಳು ಹತ್ತು ಸಲ ಬರೆದವಳಲ್ಲ, ಪಟ್ಟಿ ಮಾಡಿ ಉರು ಹೊಡೆದವಳೂ ಅಲ್ಲ. ಬೇಕಾದಾಗ ಬಾಯಿಗೆ ಬಂದಿದ್ದವು, ತಪ್ಪಾದಾಗ ಅವ್ವ ತಿದ್ದಿದ್ದಳು, ಮರುದಿನ ಮತ್ತೆ ಬೇಕಾಗಿದ್ದವು. ನಾವು ಅಲ್ಲಿಂದಲೇ ಶುರು ಮಾಡಿದೆವು. ಡ್ಯಾಮೇಜ್ ಆದ ಪೀಸ್ ಗೊತ್ತಿದ್ದವಳಿಗೆ, ಮಳೆ ಬೆಳೆಯನ್ನು ಡ್ಯಾಮೇಜ್ ಮಾಡಿತು ಅನ್ನುವ ಪಠ್ಯದ ವಾಕ್ಯ ತಾನಾಗಿ ಬಿಡಿಸಿಕೊಂಡಿತು. ಬಾಟಮ್ ಅಂದರೆ ಪ್ಯಾಂಟಿನ ಕೆಳತುದಿ. ಬಾವಿಗೂ ಬಾಟಮ್ ಇದೆ, ಪುಟಕ್ಕೂ ಇದೆ. ಕಟಿಂಗ್ ಗೊತ್ತಿದ್ದರೆ ಶಾರ್ಟ್‌ಕಟ್, ಪವರ್ ಕಟ್ ಅದರ ನೆಂಟರು. ರಿಜೆಕ್ಟ್ ಹಿಡಿದು ಎಳೆದರೆ ಇಂಜೆಕ್ಟ್, ಎಜೆಕ್ಟ್ ಬರುತ್ತವೆ. ಆ ‘ಜೆಕ್ಟ್’ ಲ್ಯಾಟಿನ್ನಿನ ಎಸೆಯುವುದು ಅನ್ನುವ ಮಾತಿನಿಂದ ಬಂದದ್ದು. ಹಿಂದಕ್ಕೆ ಎಸೆ, ಒಳಕ್ಕೆ ಎಸೆ, ಹೊರಕ್ಕೆ ಎಸೆ. ಅವಳು ಕೈಯಲ್ಲಿದ್ದ ದಾರದ ತುಂಡನ್ನು ಮೂರು ಕಡೆಗೂ ಎಸೆದು ನೋಡಿದಳು. ಪಾಕೆಟ್ ಅಂದರೆ ಮೂಲದಲ್ಲಿ ಪುಟ್ಟ ಚೀಲ ಅಂದಾಗ ಅವ್ವನೂ ಮಿಷಿನ್ ನಿಲ್ಲಿಸಿ ಕೇಳಿದರು. ಒರಟು ಬಟ್ಟೆಗೆ ಇಂಗ್ಲಿಷಿನವರು ಹೇಳುವ ಡಂಗರಿ ಅನ್ನುವ ಹೆಸರು ಮುಂಬಯಿಯ ಡೋಂಗ್ರಿಯಿಂದ ಹೋದದ್ದು ಅಂತಲೂ ಹೇಳಿದೆ.

ಬಳ್ಳಾರಿಯ ಮಕ್ಕಳಿಗೆ ನಾನು ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತೇನೆ. ಈ ಊರಿನಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕಿಟೆಲರ ನಿಘಂಟು ಬಂದದ್ದು 1894ರಲ್ಲಿ, ಅದಕ್ಕಿಂತ ಎಷ್ಟೋ ವರ್ಷ ತಡವಾಗಿ. ಎರಡು ಭಾಷೆಗಳ ಪದಗಳನ್ನು ಎದುರುಬದುರು ಕೂರಿಸಿ ನೋಡುವ ಕೆಲಸ ಈ ಊರಿಗೆ ಹೊಸದಲ್ಲ.

ಆದರೆ ಗೊತ್ತಾದ ಪದ ಉಳಿಯಬೇಕಲ್ಲ? 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟು ಪ್ರಕಟಿಸಿದರು. ನೆನಪು ಮೊದಲ ದಿನವೇ ರಭಸವಾಗಿ ಇಳಿಯುತ್ತದೆ, ಆಮೇಲೆ ಆ ಇಳಿತ ನಿಧಾನವಾಗುತ್ತದೆ. ಬಿಡುವು ಕೊಟ್ಟು ಕೊಟ್ಟು ಕಲಿತರೆ ಕಡಿಮೆ ಶ್ರಮದಲ್ಲಿ ಹೆಚ್ಚು ನಿಲ್ಲುತ್ತದೆ. ಇದನ್ನು ನಾನು ಬಿ.ಎಡ್. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ತರಗತಿಗೆ ತಂದಿರಲಿಲ್ಲ. ಹಾಗೆಯೇ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಕಾರ್ಡ್ ಪೆಟ್ಟಿಗೆಯ ವಿಷಯವೂ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಸಾಲಾಗಿ ಖಾನೆಗಳು. ನೆನಪಿರುವ ಕಾರ್ಡ್ ಮುಂದಿನ ಖಾನೆಗೆ ಹೋಗುತ್ತದೆ, ಮರೆತದ್ದು ಮೊದಲನೆಯದಕ್ಕೆ ವಾಪಸ್. ಮುಂದಿನ ಖಾನೆಗಳ ಸರದಿ ಬರುವುದು ತಡ.

ಅದನ್ನು ಹೇಳಿ, ರಟ್ಟಿನ ಡಬ್ಬ ಒಂದು ಹುಡುಕಬೇಕು ಅಂದೆ. ಅವ್ವ ಕೈಯಲ್ಲಿದ್ದ ಪ್ಯಾಂಟನ್ನೇ ಎತ್ತಿ ಹಿಡಿದರು. "ಡಬ್ಬ ಯಾಕ್ ಸಾರ್? ಇದಕ್ಕೆ ಐದು ಜೇಬು ಇರ್ತಾವಲ್ಲ."

ಅದು ನಿಜ. ಮುಂದೆ ಎರಡು, ಹಿಂದೆ ಎರಡು, ಬಲಗಡೆ ಜೇಬಿನೊಳಗೆ ಪುಟ್ಟದೊಂದು. ಹಿಂದಿನ ಕಾಲದಲ್ಲಿ ಕಿಸೆ ಗಡಿಯಾರ ಇಡಲು ಮಾಡಿದ್ದ ಆ ಪುಟ್ಟ ಜೇಬು ಈಗ ಯಾವ ಕೆಲಸಕ್ಕೂ ಬಾರದೆ ಉಳಿದಿದೆ. ಅವ್ವ ಮೂಲೆಯ ಚಿಂದಿ ರಾಶಿಯಿಂದ ಮೊಳದುದ್ದದ ಡೆನಿಮ್ ಎಳೆದರು. ಹತ್ತೇ ನಿಮಿಷ. ನಾಲ್ಕು ದೊಡ್ಡ ಜೇಬು ಸಾಲಾಗಿ, ತುದಿಗೆ ಒಂದು ಚಿಕ್ಕದು, ಕಿತ್ತಳೆ ದಾರದ ಜೋಡಿ ಹೊಲಿಗೆ, ಮೇಲೆ ಮೊಳೆಗೆ ಹಾಕಲು ಎರಡು ಲೂಪ್. ಅಷ್ಟು ಚಂದದ ಪಾಠೋಪಕರಣವನ್ನು ನಾನು ಯಾವ ತರಬೇತಿಯಲ್ಲೂ ಕಂಡಿಲ್ಲ.

ಹಳೇ ಲಗ್ನಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿ ಕಾರ್ಡ್ ಮಾಡಿಕೊಂಡೆವು. ಒಂದು ಮಗ್ಗುಲಿಗೆ ಇಂಗ್ಲಿಷ್ ಪದ. ಇನ್ನೊಂದು ಮಗ್ಗುಲಿಗೆ ಕನ್ನಡದ ಅರ್ಥ, ಜೊತೆಗೆ ಅವಳದೇ ಒಂದು ವಾಕ್ಯ. ಗೈಡಿನ ವಾಕ್ಯ ಕೂಡದು. ದಿನಕ್ಕೆ ಆರೇ ಹೊಸ ಪದ. ಮೊದಲ ಜೇಬು ದಿನಾ, ಎರಡನೆಯದು ದಿನ ಬಿಟ್ಟು ದಿನ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ. ಕಾರ್ಡ್ ತಿರುವಿ ನೋಡುವ ಮುಂಚೆ ಬಾಯಿಬಿಟ್ಟು ಹೇಳಬೇಕು. ಇದೊಂದನ್ನು ನಾನು ಬಹಳ ಒತ್ತಿ ಹೇಳಿದೆ. ಉತ್ತರ ನೋಡಿಕೊಂಡು "ಹೌದು, ಗೊತ್ತಿತ್ತು" ಅನ್ನುವುದು ಸುಲಭ. ಒಳಗಿನಿಂದ ಎಳೆದು ತೆಗೆಯುವ ಆ ಎರಡು ಕ್ಷಣದ ಒದ್ದಾಟದಲ್ಲೇ ಪದ ಗಟ್ಟಿಯಾಗುವುದು. ವಾರಕ್ಕೊಂದು ದಿನ ಕಾರ್ಡುಗಳನ್ನು ಮಗುಚಿ ಕನ್ನಡದಿಂದ ಇಂಗ್ಲಿಷಿಗೆ ಹೇಳಬೇಕು. ಅದು ಕಷ್ಟ, ಆದರೆ ಮಾತಾಡುವಾಗ ಬೇಕಾಗುವುದು ಅದೇ ದಾರಿ.

ಪುಟ್ಟ ಜೇಬನ್ನು ಏನು ಮಾಡಬೇಕು ಅಂತ ನನಗೆ ಹೊಳೆದಿರಲಿಲ್ಲ. "ಮೂರು ಸಲ ವಾಪಸ್ ಬಂದವು ಅದರಾಗೆ ಇರಲಿ ಸರ್, ಶಾಲೆಗೆ ಹೋಗೋವಾಗ ಕೈಯಾಗ ಹಿಡ್ಕೊಂಡು ಹೋಗ್ತೀನಿ" ಅಂದವಳು ಅವಳು.

ಅಂದು ರಾತ್ರಿ ಹೊರಡುವ ಮುಂಚೆ ‘ಫೇಡ್’ ಕಾರ್ಡಿನ ಹಿಂದೆ ಅವಳು ಬರೆದ ವಾಕ್ಯ ಓದಿದೆ. ಪ್ಯಾಂಟಿನ ಬಣ್ಣ ಫೇಡ್ ಆಗುತ್ತದೆ, ಅಪ್ಪನ ಕೈ ಫೇಡ್ ಆಗುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿದ್ದಳು. ವ್ಯಾಕರಣದ ಒಂದು ತಪ್ಪಿತ್ತು. ಆ ಹೊತ್ತಿಗೆ ತಿದ್ದಲಿಲ್ಲ.

ಆ ವಾರದಿಂದ ಹತ್ತು ಸಲ ಬರೆಸುವುದನ್ನು ಬಿಟ್ಟೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಹೊಲಿಗೆ ಇದ್ದದ್ದರಿಂದ ಜೇಬಿನ ಪಟ್ಟಿಗಳು ಒಂದೊಂದಾಗಿ ಬಂದವು. ಉಳಿದವರು ಬೆಂಕಿಪೊಟ್ಟಣ ಅಂಟಿಸಿಕೊಂಡರು. ಗ್ಯಾರೇಜಿನ ಹುಡುಗ ಬ್ರೇಕ್, ಗೇರ್, ಲೀಕ್ ತಂದ. ಹೊಲದಿಂದ ಬರುವವನು ಸ್ಪ್ರೇ, ಪಂಪ್, ಹೈಬ್ರಿಡ್ ತಂದ. ಎಲ್ಲರೂ ಪ್ರತಿದಿನ ಮಾಡಲಿಲ್ಲ, ಮೂರ್ನಾಲ್ಕು ಜನ ಎರಡನೇ ವಾರಕ್ಕೇ ಕೈಬಿಟ್ಟರು. ಅವರ ಜೊತೆ ಮಧ್ಯಾಹ್ನದ ಬಿಡುವಿನಲ್ಲಿ ಕೂರುತ್ತೇನೆ.

ತಿಂಗಳು ಕಳೆದ ಮೇಲೆ ಅವಳು ಜೇಬಿನ ಪಟ್ಟಿಯನ್ನು ಸುರುಳಿ ಸುತ್ತಿ ಶಾಲೆಗೆ ತಂದಿದ್ದಳು. ನಾಲ್ಕನೇ ಜೇಬಿಗೆ ಕೈ ಹಾಕಿ ಒಂದು ಕಾರ್ಡ್ ತೆಗೆದೆ. ‘ರಿಲಕ್ಟಂಟ್’. ಅವಳ ಹೆಬ್ಬೆರಳಿನ ಕಡೆಗೇ ನನ್ನ ಕಣ್ಣು. ಅದು ಅಲುಗಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, "ಇಲ್ಲ ಸರ್, ಹೋಯ್ತು" ಅಂದಳು. ಅಳಲಿಲ್ಲ. ನನ್ನ ಕೈಯಿಂದ ಕಾರ್ಡ್ ತೆಗೆದುಕೊಂಡು ತಿರುವಿ ಓದಿದಳು, ಮೊದಲನೇ ಜೇಬಿಗೆ ಹಾಕಿ, "ನೆಕ್ಸ್ಟ್ ಕೇಳ್ರಿ ಸರ್" ಅಂದಳು.